ಐಸ್‌ಲೆಂಡಿನ ವರ್ತುಲ ಮಾರ್ಗ

ಬಹುತೇಕ ದೇಶಗಳಲ್ಲಿ ಹೆದ್ದಾರಿಗಳ ಚರಿತ್ರೆಯೆಂದರೆ ಅರಸರ ದಂಡಯಾತ್ರೆಗಳ, ವರ್ತಕರ ವ್ಯಾಪಾರದ, ಯಾತ್ರಿಕರ ತೀರ್ಥಾಟನೆಯ ಚರಿತ್ರೆಯೇ ಆಗಿರುವುದು. ದಾರಿಯನ್ನು ಹಾಕಿಸಿದವರಾರು, ಸಾಲುಮರಗಳನ್ನು ನೆಡಿಸಿದವರಾರು, ಛತ್ರಗಳನ್ನು ಕಟ್ಟಿಸಿದವರಾರು ಎಂಬುದನ್ನು ಅರಿತರೆ ಆ ಚರಿತ್ರೆಯ ಮುಖ್ಯಾಂಶಗಳನ್ನು ಅರಿತಂತೆಯೇ ಸರಿ. ಉತ್ತರ ಅಟ್ಲಾಂಟಿಕ್ ಸಮುದ್ರದ ನಡುವೆ, ಧ್ರುವವೃತ್ತದ ಅಂಚಿನಲ್ಲಿರುವ ಐಸ್‌ಲೆಂಡ್ ದ್ವೀಪದ ಹೆದ್ದಾರಿಯ ಚರಿತ್ರೆ ಈ ಬಗೆಯದಲ್ಲ. ಅಲ್ಲಿ ದಾರಿಯು ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಕಾಲ ಬಾಳಬೇಕು ಎಂಬುದನ್ನು ನಿರ್ಣಯಿಸಿದುವು ನೆಲದೊಳಗಣ ಬೆಂಕಿ ಮತ್ತು ನೆಲದ ಮೇಲಣ ಹಿಮ. ಮನುಷ್ಯನು ಅವೆರಡರ ಅನುಮತಿಯನ್ನು ಕಾದು ನಡೆದವನು ಮಾತ್ರ.

ಈಗಿನ ಪ್ರವಾಸಿಗೆ ಈ ಮಾತು ಸುಲಭವಾಗಿ ಹೊಳೆಯುವುದಿಲ್ಲ. ರಾಜಧಾನಿಯಾದ ರೇಕ್ಯಾವಿಕ್ ಪಟ್ಟಣದಲ್ಲಿ ಅವನು ‘ಕ್ಯಾಂಪರ್’ ಎಂಬ ಮೋಟಾರು ಬಂಡಿಯೊಂದನ್ನು ಬಾಡಿಗೆಗೆ ಹಿಡಿಯುತ್ತಾನೆ. ಅದರೊಳಗೆ ಮಲಗಲು ಹಾಸಿಗೆ, ಅಡಿಗೆಗೆ ಒಂದು ಸಣ್ಣ ಒಲೆ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಮನೆಯನ್ನೇ ಬೆನ್ನಮೇಲೆ ಹೊತ್ತ ಆಮೆಯಂತೆ ಅವನು ಹೊರಡುತ್ತಾನೆ. ಎಡಕ್ಕೆ ಜಲಪಾತಗಳು, ಬಲಕ್ಕೆ ಸಮುದ್ರ, ಮುಂದೆ ಹಿಮದ ಗಡ್ಡೆಗಳು ತೇಲುವ ಸರೋವರ. ಹೀಗೆ ದ್ವೀಪವನ್ನು ಒಂದು ಸುತ್ತು ಬಳಸಿ ಎಂಟು ಹತ್ತು ದಿನಗಳಲ್ಲಿ ಹೊರಟಲ್ಲಿಗೇ ಬಂದು ಸೇರುತ್ತಾನೆ. ಈ ವರ್ತುಲ ಮಾರ್ಗದ ಉದ್ದ ಸುಮಾರು ೮೨೦ ಮೈಲಿ. ಆದರೆ ಈ ವರ್ತುಲವು ಪೂರ್ಣವಾದುದು ೧೯೭೪ನೆಯ ಇಸವಿಯಲ್ಲಿ. ಜನರು ಆ ದ್ವೀಪದಲ್ಲಿ ನೆಲಸಿ ಆ ವೇಳೆಗೆ ಹನ್ನೊಂದು ಶತಮಾನಗಳು ಸಂದಿದ್ದುವು. ಒಂದು ಪ್ರದಕ್ಷಿಣೆಯ ದಾರಿಗೆ ಹನ್ನೊಂದು ನೂರು ವರ್ಷಗಳೇಕೆ ಬೇಕಾದುವು ಎಂಬುದೇ ಇಲ್ಲಿಯ ವಿಷಯ.

ಮೊದಲು ನೆಲದ ಸ್ವಭಾವವನ್ನು ತಿಳಿಯಬೇಕು. ಭೂಮಿಯ ಹೊರಪದರದ ಎರಡು ಮಹಾಫಲಕಗಳು ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ವರ್ಷಕ್ಕೆ ಒಂದು ಅಂಗುಲಕ್ಕೂ ಕಡಮೆಯಾದ ವೇಗದಿಂದ ಒಂದನ್ನೊಂದು ಅಗಲಿ ಸರಿಯುತ್ತಿವೆ. ಆ ಬಿರುಕಿನ ಮೇಲೆಯೇ ಐಸ್‌ಲೆಂಡ್ ನಿಂತಿದೆ. ಅಗ್ನಿಪರ್ವತಗಳೂ ಬಿಸಿನೀರಿನ ಬುಗ್ಗೆಗಳೂ ಅಲ್ಲಿ ಹೇರಳವಾಗಿರುವುದಕ್ಕೆ ಇದೇ ಕಾರಣ. ಈ ಅಗ್ನಿಪರ್ವತಗಳಲ್ಲಿ ಹಲವು ನೂರಾರು ಅಡಿ ದಪ್ಪನಾದ ಹಿಮರಾಶಿಯ ಕೆಳಗೆ ಹುದುಗಿವೆ. ದ್ವೀಪದ ಆಗ್ನೇಯ ಭಾಗವನ್ನು ಮುಚ್ಚಿರುವ ವಾಟ್ನಾಯೋಕುಲ್ ಎಂಬ ಹಿಮರಾಶಿಯು ಇವುಗಳಲ್ಲಿ ಅತ್ಯಂತ ದೊಡ್ಡದು. ಅದರ ಅಡಿಯಲ್ಲಿ ಬೆಂಕಿ ಎದ್ದಾಗ ಹಿಮವು ಕರಗಿ, ಒಳಗೇ ಮಡುಗಟ್ಟಿ, ಕಡೆಗೆ ಹಿಮದ ಅಂಚನ್ನು ಎತ್ತಿ ಒಡೆದುಕೊಂಡು ಒಮ್ಮೆಗೇ ನುಗ್ಗುತ್ತದೆ. ಇಂತಹ ಮಹಾಪ್ರವಾಹಕ್ಕೆ ಆ ನಾಡಿನವರು ‘ಯೋಕುಲ್‌ಹ್ಲಾಪ್’ ಎನ್ನುತ್ತಾರೆ. ಹಿಮರಾಶಿಯ ಓಟ ಎಂದು ಅದರ ಅರ್ಥ. ಭೂವಿಜ್ಞಾನಿಗಳು ಇಡೀ ಲೋಕದಲ್ಲಿ ಈಗ ಬಳಸುವುದು ಈ ಶಬ್ದವನ್ನೇ.

ಜಲಪಾತಗಳ ಹುಟ್ಟಿಗೂ ಹಿಮವೇ ಮೂಲ. ಹಿಮಯುಗದ ಕೊನೆಯಲ್ಲಿ ಕಡಲು ದಕ್ಷಿಣದ ಬಂಡೆಗೋಡೆಗಳ ಬುಡವನ್ನು ಬಡಿಯುತ್ತಿದ್ದಿತು. ಮೇಲಣ ಹಿಮದ ಭಾರವು ಇಳಿದಂತೆ ನೆಲವು ಮೇಲೆದ್ದಿತು. ಕಡಲು ಹಿಂದೆ ಸರಿಯಿತು. ಅಂದಿನ ಕಡಲಗೋಡೆಗಳಿಂದ ಇಂದು ನದಿಗಳು ಕೆಳಕ್ಕೆ ಬೀಳುತ್ತಿವೆ. ಸುಮಾರು ೨೦೦ ಅಡಿ ಎತ್ತರದ ಸೆಲ್ಯಾಲಾಂಡ್ಸ್‌ಫಾಸ್ ಮತ್ತು ಸ್ಕೋಗಾಫಾಸ್ ಜಲಪಾತಗಳು ಈ ಬಗೆಯವು. ಮೊದಲನೆಯದರ ನೀರಿನ ತೆರೆಯ ಹಿಂಬದಿಯಲ್ಲಿ ಮನುಷ್ಯರು ನಡೆದು ಹೋಗಬಹುದು. ಪ್ರವಾಸಿಯು ಕಣ್ತುಂಬ ನೋಡುವ ಈ ನೀರೂ, ದಾರಿಯನ್ನು ಶತಮಾನಗಳವರೆಗೆ ತಡೆದ ನೀರೂ ಒಂದೇ ಹಿಮದ ಮಕ್ಕಳು.

ಈ ದ್ವೀಪಕ್ಕೆ ನಾರ್ವೆ ದೇಶದಿಂದ ಬಂದ ಇಂಗೋಲ್ಫುರ್ ಆರ್ನಾರ್ಸನ್ ಎಂಬುವನು ೮೭೪ರಲ್ಲಿ ನೆಲಸಿದನೆಂದು ಪರಂಪರೆಯು ಹೇಳುತ್ತದೆ. ಬಿಸಿನೀರಿನ ಬುಗ್ಗೆಗಳಿಂದೇಳುವ ಆವಿಯನ್ನು ಕಂಡು ಅವನು ತನ್ನ ನೆಲೆಗೆ ‘ಹೊಗೆಯ ಕೊಲ್ಲಿ’ ಎಂಬ ಅರ್ಥದ ರೇಕ್ಯಾವಿಕ್ ಎಂಬ ಹೆಸರನ್ನಿಟ್ಟನಂತೆ. ೯೩೦ರಲ್ಲಿ ಜನರೆಲ್ಲರೂ ಸೇರಿ ಥಿಂಗ್ವೆಟ್ಲಿರ್ ಎಂಬ ಬಯಲಿನಲ್ಲಿ ‘ಆಲ್ಥಿಂಗ್’ ಎಂಬ ಮಹಾಸಭೆಯನ್ನು ಸ್ಥಾಪಿಸಿದರು. ಅರಸನಿಲ್ಲದ ಆ ನಾಡಿನಲ್ಲಿ ಶಾಸನಗಳನ್ನು ಮಾಡುವುದೂ ವ್ಯಾಜ್ಯಗಳನ್ನು ತೀರಿಸುವುದೂ ಅಲ್ಲಿಯೇ. ಪ್ರತಿ ಬೇಸಗೆಯಲ್ಲಿಯೂ ಮುಖಂಡರು ಕುದುರೆಗಳ ಮೇಲೆ ಆ ಬಯಲಿಗೆ ಬರುತ್ತಿದ್ದರು. ಪೂರ್ವದ ಅಂಚಿನವರಿಗೆ ಈ ಪ್ರಯಾಣವು ಎರಡು ವಾರಗಳಿಗೂ ಮಿಕ್ಕಿ ಹಿಡಿಯುತ್ತಿದ್ದಿತು. ಚಕ್ರವುಳ್ಳ ಬಂಡಿಗಳು ಬಳಕೆಯಲ್ಲಿರಲಿಲ್ಲ. ಮನುಷ್ಯನೂ ಅವನ ಸರಕೂ ಹೋಗಬೇಕಾದುದು ಕುದುರೆಯ ಬೆನ್ನಿನ ಮೇಲೆ. ೧೨೮೧ರಲ್ಲಿ ಅಂಗೀಕೃತವಾದ ‘ಯೋನ್ಸ್‌ಬೋಕ್’ ಎಂಬ ಧರ್ಮಸಂಹಿತೆಯು ದಾರಿಹೋಕನು ಪರರ ನೆಲದಲ್ಲಿ ಇಳಿದುಕೊಂಡು ಕುದುರೆಯನ್ನು ಮೇಯಿಸಿಕೊಳ್ಳುವ ಹಕ್ಕನ್ನು ಮನ್ನಿಸಿದ್ದಿತು. ಛತ್ರಗಳಿಲ್ಲದ ನಾಡಿನಲ್ಲಿ ಈ ಹಕ್ಕೇ ಛತ್ರವಾಗಿದ್ದಿತು ಎನ್ನಬಹುದು.

ದಕ್ಷಿಣದಲ್ಲಿ ವಾಟ್ನಾಯೋಕುಲ್ ಹಿಮರಾಶಿಗೂ ಕಡಲಿಗೂ ನಡುವೆ ಒಂದು ಸಣ್ಣ ಸೀಮೆಯಿದೆ. ಹಿಂದೆ ಅದು ಹುಲುಸಾದ ನಾಡು. ‘ಲಿತ್ಲಾಹೇರಾದ್’, ಎಂದರೆ ‘ಕಿರುನಾಡು’, ಎಂದು ಅದಕ್ಕೆ ಹೆಸರು. ೧೩೬೨ರಲ್ಲಿ ಅದರ ನೆತ್ತಿಯ ಮೇಲಣ ಅಗ್ನಿಪರ್ವತವು ಸಿಡಿಯಿತು. ಬೂದಿಯೂ ಪ್ರವಾಹವೂ ಊರುಗಳನ್ನೂ ಹೊಲಗಳನ್ನೂ ಮುಚ್ಚಿದುವು. ಬಹುಕಾಲದ ಮೇಲೆ ಜನರು ಮತ್ತೆ ಅಲ್ಲಿಗೆ ಬಂದು ನೆಲಸಿದಾಗ ಹಳೆಯ ಹೆಸರು ಸಲ್ಲದೆಹೋಯಿತು. ‘ಓರೈವಿ’, ಎಂದರೆ ‘ಪಾಳುನೆಲ’, ಎಂಬ ಹೆಸರು ನಿಂತಿತು. ಇಂದಿಗೂ ಆ ಸೀಮೆಯನ್ನು ಕರೆಯುವುದು ಆ ಹೆಸರಿನಿಂದಲೇ. ಈ ಓರೈವಿಯ ಪಶ್ಚಿಮಕ್ಕೆ ಸ್ಕೇಡರಾರ್‌ಸಾಂದುರ್ ಎಂಬ ಕಪ್ಪು ಮರಳಿನ ಮಹಾಬಯಲು ಹಬ್ಬಿದೆ. ಹಿಮದ ಓಟಗಳು ಶತಮಾನಗಳಿಂದ ಹೊತ್ತು ತಂದು ಹರಡಿದ ಮರಳು ಅದು. ಅದರ ಮೇಲೆ ಸ್ಕೇಡರಾ ಮೊದಲಾದ ನದಿಗಳು ಹತ್ತಾರು ಕವಲುಗಳಾಗಿ, ಇಂದು ಇಲ್ಲಿ ನಾಳೆ ಅಲ್ಲಿ ಎಂಬಂತೆ ಹರಿಯುತ್ತಿದ್ದುವು. ವರ್ತುಲವು ಕೂಡದೆ ಉಳಿದುದು ಈ ಬಯಲಿನಲ್ಲಿಯೇ.

ಇದಕ್ಕೂ ಪಶ್ಚಿಮಕ್ಕಿರುವ ಕಿರ್ಕ್ಯುಬೈಯಾರ್‌ಕ್ಲೌಸ್ತುರ್ ಎಂಬ ಊರಿನ ಬಳಿ ಇಂದಿನ ದಾರಿಯು ಹಸುರು ಪಾಚಿಯನ್ನು ಹೊದ್ದು ಮಲಗಿದ ಕಲ್ಲಿನ ಕಾಡೊಂದನ್ನು ಹಾದುಹೋಗುತ್ತದೆ. ನೋಡಲು ಮೃದುವಾದ ಈ ನೆಲವೇ ಆ ನಾಡಿನ ಚರಿತ್ರೆಯಲ್ಲಿ ಅತಿ ದಾರುಣವಾದ ಅಧ್ಯಾಯದ ಗುರುತು. ೧೭೮೩ನೆಯ ಜೂನ್ ೮ರಂದು ಲಾಕಿ ಎಂಬ ಬೆಟ್ಟದ ಬಳಿ ನೆಲವು ಬಿರಿಯಿತು. ಸುಮಾರು ೧೭ ಮೈಲಿ ಉದ್ದದ ಆ ಬಿರುಕಿನಲ್ಲಿ ನೂರಕ್ಕೂ ಮೇಲ್ಪಟ್ಟ ಬಾಯಿಗಳು ತೆರೆದುವು. ಎಂಟು ತಿಂಗಳವರೆಗೆ, ೧೭೮೪ರ ಫೆಬ್ರವರಿಯ ತನಕ, ಶಿಲಾರಸವು ಹರಿದು ೨೩೦ ಚದರ ಮೈಲಿಗಳಷ್ಟು ನೆಲವನ್ನು ಮುಚ್ಚಿತು. ಶಿಲಾರಸಕ್ಕಿಂತಲೂ ಘೋರವಾದುದು ಅದರೊಡನೆ ಹೊರಟ ವಿಷವಾಯು. ಹುಲ್ಲಿನ ಮೇಲೆ ಬಿದ್ದ ವಿಷವನ್ನು ತಿಂದು ದನಗಳಲ್ಲಿ ಅರ್ಧದಷ್ಟೂ ಕುರಿಗಳಲ್ಲಿ ಐದರಲ್ಲಿ ನಾಲ್ಕು ಪಾಲೂ ಸತ್ತುವು. ಅನಂತರ ಬಂದ ಕ್ಷಾಮದಲ್ಲಿ ದ್ವೀಪದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವು ನಾಶವಾಯಿತು. ‘ಮಂಜಿನ ಕಷ್ಟಕಾಲ’ ಎಂಬ ಹೆಸರಿನಿಂದ ಅವರು ಅದನ್ನು ಈಗಲೂ ನೆನೆಯುತ್ತಾರೆ.

ಆ ಮಂಜು ಐಸ್‌ಲೆಂಡಿನಲ್ಲಿಯೇ ನಿಲ್ಲಲಿಲ್ಲ. ಯೂರೋಪಿನ ಮೇಲೆಲ್ಲ ಒಣಮಂಜು ಕವಿಯಿತು. ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ನನು ೧೭೮೪ರಲ್ಲಿ ಅದನ್ನು ಕುರಿತು ಬರೆದು, ಐಸ್‌ಲೆಂಡಿನ ಅಗ್ನಿಯು ಕಾರಣವಾಗಿರಬಹುದೆಂದು ಊಹಿಸಿದನು. ಅದೇ ೧೭೮೩–೮೪ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಮಳೆ ತಪ್ಪಿ ಭಯಂಕರವಾದ ಕ್ಷಾಮವುಂಟಾಯಿತು. ವಿಕ್ರಮ ಸಂವತ್ ೧೮೪೦ರಲ್ಲಿ, ಎಂದರೆ ನಲವತ್ತನೆಯ ವರ್ಷದಲ್ಲಿ, ಬಂದುದರಿಂದ ಅದಕ್ಕೆ ‘ಚಾಲೀಸಾ’ ಎಂಬ ಹೆಸರಾಯಿತು. ಉತ್ತರಗೋಲಾರ್ಧವು ಲಾಕಿಯ ಧೂಮದಿಂದ ತಣಿದು ಮುಂಗಾರು ಕುಗ್ಗಿದುದೂ ಇದಕ್ಕೊಂದು ಕಾರಣವೆಂದು ಈಚಿನ ಕೆಲವು ವಾಯುಗುಣ ಶಾಸ್ತ್ರಜ್ಞರು ಗಣಿತದಿಂದ ವಾದಿಸುತ್ತಾರೆ. ಅದೊಂದೇ ಕಾರಣವೆಂದು ಎಲ್ಲರೂ ಒಪ್ಪುವುದಿಲ್ಲ.

ಈ ಕಾಲದ ಕಥೆಯಲ್ಲಿ ಒಬ್ಬ ಮನುಷ್ಯನ ಹೆಸರು ಮರೆಯತಕ್ಕದ್ದಲ್ಲ. ಯೋನ್ ಸ್ಟೇನ್‌ಗ್ರಿಮ್ಸನ್ ಎಂಬುವನು ಕ್ಲೌಸ್ತುರಿನ ಪಾದ್ರಿ. ಜನರಿಗೆ ಔಷಧವನ್ನೂ ಕೊಡುತ್ತಿದ್ದವನು. ೧೭೮೩ನೆಯ ಜುಲೈ ೨೦ರ ಭಾನುವಾರ ಶಿಲಾರಸವು ಊರಿನತ್ತ ಬರುತ್ತಿದ್ದಾಗ ಅವನು ಭಕ್ತರನ್ನು ಚರ್ಚಿನೊಳಗೆ ಕೂಡಿಸಿ ಪ್ರಾರ್ಥನೆಯನ್ನು ನಡೆಸಿದನು. ಹೊರಗೆ ಬಂದು ನೋಡಿದಾಗ ಪ್ರವಾಹವು ಮುಂದುವರಿಯದೆ ನಿಂತಿದ್ದಿತು. ಬಳಿಯ ನದಿಗಳ ನೀರು ಅದನ್ನು ತಣಿಸಿದ್ದಿತು. ಜನರು ಅವನನ್ನು ‘ಅಗ್ನಿಯ ಪಾದ್ರಿ’ ಎಂದು ಕರೆದರು. ಆದರೆ ಅವನ ಹಿರಿಮೆಯು ಕಾಣುವುದು ಮತ್ತೊಂದು ಘಟನೆಯಲ್ಲಿ. ಸಂತ್ರಸ್ತರಿಗೆಂದು ಸರ್ಕಾರದ ಅಧಿಕಾರಿಗಳು ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಹಣವನ್ನಿಟ್ಟು ಅವನ ಕೈಗೆ ಕೊಟ್ಟಿದ್ದರು. ಅದನ್ನು ಒಯ್ದು ಪೂರ್ವದ ಅಧಿಕಾರಿಗೆ ಒಪ್ಪಿಸುವುದಷ್ಟೇ ಅವನ ಕೆಲಸ. ಕುದುರೆಯ ಮೇಲೆ ಬರುವ ದಾರಿಯಲ್ಲಿ ದನವೊಂದನ್ನು ಕೊಂಡರೆ ಬದುಕಿಯಾರು ಎಂಬಂತಹ ಸಂಸಾರಗಳನ್ನು ಕಂಡು ಅವನು ಮೊಹರನ್ನು ಒಡೆದು ಹಣವನ್ನು ಹಂಚಿದನು. ಇದಕ್ಕಾಗಿ ಅವನಿಗೆ ದಂಡ ವಿಧಿಸಿದರು; ಬಹಿರಂಗವಾಗಿ ಕ್ಷಮೆ ಬೇಡಬೇಕಾಯಿತು. ದಾರಿಯೂ ಸೇತುವೆಯೂ ಇಲ್ಲದ ನಾಡಿನಲ್ಲಿ ನಿಯಮವು ತಲಪುವುದಕ್ಕೆ ಮುಂಚೆ ಹಸಿವು ತಲಪುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದನು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೇತುವೆಗಳ ಕಾಲವು ಮೊದಲಾಯಿತು. ೧೮೯೧ರಲ್ಲಿ ಓಲ್ಫುಸಾ ನದಿಗೆ ತೂಗುಸೇತುವೆಯೊಂದನ್ನು ಕಟ್ಟಿದರು. ಮೊದಲನೆಯ ಮೋಟಾರು ಗಾಡಿಯು ೧೯೦೪ರಲ್ಲಿ ದ್ವೀಪಕ್ಕೆ ಬಂದಿತು. ಅಲ್ಲಿಂದ ಮುಂದೆ ಒಂದೊಂದು ನದಿಯನ್ನೂ ಗೆಲ್ಲುತ್ತ ದಾರಿಯು ಉತ್ತರದಿಂದಲೂ ದಕ್ಷಿಣದಿಂದಲೂ ಬೆಳೆಯಿತು. ಆದರೆ ಸ್ಕೇಡರಾ ಬಯಲಿನ ಮುಂದೆ ಎಂಜಿನಿಯರುಗಳು ಕೈ ಕಟ್ಟಿ ನಿಂತರು. ಅತ್ತ ಓರೈವಿಯ ರೈತರು ಹಿಮನದಿಗಳನ್ನು ದಾಟುವುದರಲ್ಲಿ ಪಳಗಿದ ಕುದುರೆಗಳನ್ನು ಸಾಕಿದ್ದರು. ನೀರಿನ ಬಣ್ಣವನ್ನೂ ತೆರೆಯ ರೀತಿಯನ್ನೂ ನೋಡಿ ಎಲ್ಲಿ ಆಳ, ಎಲ್ಲಿ ಕುಸಿಮರಳು ಎಂದು ತಿಳಿಯುವ ವಿದ್ಯೆ ಅವರಲ್ಲಿ ತಂದೆಯಿಂದ ಮಗನಿಗೆ ಬರುತ್ತಿದ್ದಿತು. ನದಿಯನ್ನು ದಾಟಲಾಗದೆ ಹೋದರೆ ಹಿಮರಾಶಿಯ ಮೇಲೆಯೇ ಹತ್ತಿ ಬಳಸಿ ಇಳಿಯುತ್ತಿದ್ದರು. ಪೂರ್ವದಲ್ಲಿ ಹಿಮಸರೋವರದಿಂದ ಕಡಲಿಗೆ ಹರಿಯುವ ಯೋಕುಲ್ಸಾ ನದಿಗೆ ೧೯೬೭ರಲ್ಲಿ ಸೇತುವೆಯಾದ ಮೇಲೆ ಆ ದಿಕ್ಕಿನ ಕಷ್ಟವು ನೀಗಿತು. ಪಶ್ಚಿಮದ ಕಷ್ಟವು ಮಾತ್ರ ಉಳಿಯಿತು. ಓರೈವಿಯಿಂದ ರೇಕ್ಯಾವಿಕ್ಕಿಗೆ ನೇರವಾದ ದೂರ ಸುಮಾರು ೨೦೦ ಮೈಲಿ; ಆದರೆ ಮೋಟಾರಿನಲ್ಲಿ ಹೋಗುವವನು ಪೂರ್ವಕ್ಕೆ ತಿರುಗಿ, ಉತ್ತರವನ್ನೆಲ್ಲ ಸುತ್ತಿ, ೬೦೦ ಮೈಲಿಗೂ ಮಿಕ್ಕಿ ನಡೆಯಬೇಕಾಗಿದ್ದಿತು.

ಕಡೆಗೆ ಜನರೇ ಮುಂದೆ ಬಂದರು. ಸರ್ಕಾರವು ಈ ಕೆಲಸಕ್ಕಾಗಿ ಲಾಟರಿ ಬಹುಮಾನವುಳ್ಳ ಸಾಲಪತ್ರಗಳನ್ನು ಹೊರಡಿಸಲು ಜನರು ಅವನ್ನು ಕೊಂಡರು. ಎಂಜಿನಿಯರುಗಳು ನದಿಯೊಡನೆ ಹೊಡೆದಾಡುವ ಯೋಚನೆಯನ್ನು ಬಿಟ್ಟು ಒಡಂಬಡಿಕೆಯ ದಾರಿಯನ್ನು ಹಿಡಿದರು. ಅಲೆಯುವ ಕವಲುಗಳನ್ನು ಉದ್ದವಾದ ಮಣ್ಣುಗೋಡೆಗಳಿಂದ ಕೆಲವೇ ಕಂಡಿಗಳಿಗೆ ತಿರುಗಿಸಿ, ಆ ಕಂಡಿಗಳಿಗೆ ಉದ್ದವಾದ, ತಗ್ಗಾದ ಸೇತುವೆಗಳನ್ನು ಕಟ್ಟಿದರು. ಮಹಾಪ್ರವಾಹ ಬಂದರೆ ಮಣ್ಣುದಾರಿಯು ಕೊಚ್ಚಿಹೋದೀತು, ಸೇತುವೆ ಉಳಿದೀತು ಎಂಬುದು ಅವರ ಲೆಕ್ಕ. ಸ್ಕೇಡರಾ ಸೇತುವೆಯೊಂದೇ ಅರ್ಧ ಮೈಲಿಗೂ ಉದ್ದವಾಗಿ, ದೇಶದಲ್ಲಿಯೇ ಅತಿ ಉದ್ದವಾದುದೆನಿಸಿತು. ಜನವಸತಿಯ ಹನ್ನೊಂದನೆಯ ಶತಮಾನೋತ್ಸವವನ್ನು ಆಚರಿಸಿದ ವರ್ಷದಲ್ಲಿಯೇ, ೧೯೭೪ನೆಯ ಜುಲೈ ೧೪ರಂದು, ಅದರ ಪ್ರಾರಂಭೋತ್ಸವವು ನಡೆಯಿತು. ವರ್ತುಲವು ಕೂಡಿತು.

ಒಡಂಬಡಿಕೆಯ ಪರೀಕ್ಷೆಯು ಇಪ್ಪತ್ತೆರಡು ವರ್ಷಗಳ ಮೇಲೆ ಬಂದಿತು. ೧೯೯೬ರ ಸೆಪ್ಟೆಂಬರ್ ೩೦ರಂದು ವಾಟ್ನಾಯೋಕುಲ್‌ನ ಅಡಿಯಲ್ಲಿ ಅಗ್ನಿಯು ಎದ್ದಿತು. ಕರಗಿದ ನೀರು ಹಿಮದೊಳಗಣ ಸರೋವರದಲ್ಲಿ ಒಂದು ತಿಂಗಳಿಗೂ ಮಿಕ್ಕಿ ತುಂಬುತ್ತಿದ್ದಿತು. ಎಲ್ಲರೂ ಕಾದಿದ್ದರು, ದಾರಿಯನ್ನು ಮುಚ್ಚಿದ್ದರು. ನವೆಂಬರ್ ೫ರ ಬೆಳಗ್ಗೆ ಹಿಮದ ಓಟವು ಹೊರಟಿತು. ಕೆಲವು ಗಂಟೆಗಳ ಕಾಲ ಆ ಮರಳಿನ ಮೇಲೆ ಹರಿದ ನೀರು ಆಫ್ರಿಕದ ಕಾಂಗೋ ಮಹಾನದಿಯ ಸರಾಸರಿ ಪ್ರವಾಹವನ್ನೂ ಮೀರಿದ್ದಿತು. ಮನೆಗಳಷ್ಟು ದೊಡ್ಡ ಹಿಮದ ಗಡ್ಡೆಗಳು ತೇಲಿಬಂದು ಸೇತುವೆಗಳನ್ನು ಅಪ್ಪಳಿಸಿದುವು. ಗೀಗ್ಯುಕ್ವೀಸ್ಲ್ ನದಿಯ ೧,೨೩೦ ಅಡಿ ಉದ್ದದ ಸೇತುವೆ ಕಾಣದೆ ಹೋಯಿತು. ಸ್ಕೇಡರಾ ಸೇತುವೆಯ ಒಂದು ಭಾಗವು ಮುರಿಯಿತು. ಆದರೆ ಒಂದು ಪ್ರಾಣವೂ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ತಾತ್ಕಾಲಿಕವಾದ ದಾರಿಯ ಮೇಲೆ ಗಾಡಿಗಳು ಓಡಾಡಿದುವು.

ಇದೇ ಬಗೆಯ ವಿವೇಕವು ೨೦೧೦ರ ಏಪ್ರಿಲ್ ೧೪ರಂದು ಮತ್ತೊಮ್ಮೆ ಕಂಡಿತು. ಏಯಾಫ್ಯಾಟ್ಲಾಯೋಕುಲ್ ಎಂಬ ಹಿಮಪರ್ವತವು ಸಿಡಿದು, ಅದರ ಬೂದಿಯಿಂದ ಯೂರೋಪಿನ ವಿಮಾನಸಂಚಾರವು ನಿಂತುದನ್ನು ಲೋಕವೆಲ್ಲ ಬಲ್ಲದು. ಅದೇ ದಿನ ಆ ಪರ್ವತದಿಂದ ಇಳಿದುಬಂದ ಪ್ರವಾಹವು ಮಾರ್ಕಾರ್‌ಫ್ಲ್ಯೋತ್ ನದಿಯ ಸೇತುವೆಯತ್ತ ನುಗ್ಗುತ್ತಿದ್ದಾಗ, ದಾರಿಯ ಇಲಾಖೆಯ ಕೆಲಸಗಾರರು ಯಂತ್ರದಿಂದ ತಮ್ಮ ಹೆದ್ದಾರಿಯನ್ನೇ ಕೆಲವೆಡೆ ಅಗೆದು ಕಡಿದು ನೀರಿಗೆ ದಾರಿ ಬಿಟ್ಟರು. ಸೇತುವೆ ಉಳಿಯಿತು. ಮರುವರ್ಷದ ಜುಲೈಯಲ್ಲಿ ಮೂಲಾಕ್ವೀಸ್ಲ್ ನದಿಯ ಸೇತುವೆಯು ಕೊಚ್ಚಿಹೋದಾಗ ಒಂದು ವಾರದೊಳಗಾಗಿ ಮತ್ತೊಂದನ್ನು ನಿಲ್ಲಿಸಿದರು. ಇನ್ನೂ ವಿಚಿತ್ರವಾದುದು ಸ್ಕೇಡರಾ ನದಿಯ ನಡತೆ. ಹಿಮರಾಶಿಯು ಹಿಂದೆ ಸರಿದುದರಿಂದ ಆ ನದಿಯು ೨೦೦೯ರಲ್ಲಿ ತನ್ನ ಪಾತ್ರವನ್ನೇ ಬಿಟ್ಟು ಪಶ್ಚಿಮದ ಗೀಗ್ಯುಕ್ವೀಸ್ಲ್ ನದಿಯನ್ನು ಸೇರಿಕೊಂಡಿತು. ಅಷ್ಟು ಪ್ರಯಾಸದಿಂದ ಕಟ್ಟಿದ ಮಹಾಸೇತುವೆಯ ಕೆಳಗೆ ಹರಿಯಲು ದೊಡ್ಡ ನದಿಯೇ ಇಲ್ಲದಾಯಿತು. ೨೦೧೭ರಲ್ಲಿ ಪಕ್ಕದಲ್ಲಿ ಒಂದು ಚಿಕ್ಕ ಸೇತುವೆಯನ್ನು ಕಟ್ಟಿ ದಾರಿಯನ್ನು ಅದರ ಮೇಲೆ ತಿರುಗಿಸಿದರು.

ದಾರಿಯಿದ್ದರೂ ನೋಡತಕ್ಕ ವಸ್ತುವು ಉಳಿದಿರಬೇಕಷ್ಟೆ. ವರ್ತುಲ ಮಾರ್ಗದಿಂದ ತುಸು ಒಳಗೆ ಗುಲ್‌ಫಾಸ್, ಎಂದರೆ ‘ಹೊನ್ನಿನ ಜಲಪಾತ’, ಎರಡು ಮೆಟ್ಟಿಲುಗಳಲ್ಲಿ ೧೦೦ ಅಡಿಗೂ ಮಿಕ್ಕಿ ಇಳಿದು ಕಂದರದಲ್ಲಿ ಮರೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿದೇಶದ ಹಣವಂತರು ಅದನ್ನು ವಿದ್ಯುಚ್ಛಕ್ತಿಗಾಗಿ ಗೇಣಿಗೆ ಪಡೆದರು. ಜಲಪಾತದ ಬಳಿಯ ಬ್ರಾಟ್‌ಹೋಲ್ಟ್ ಎಂಬ ರೈತಮನೆಯ ಮಗಳು ಸಿಗ್ರೀದುರ್ ತೋಮಸ್‌ದೋತ್ತಿರ್ (೧೮೭೧–೧೯೫೭) ಈ ಗೇಣಿಯನ್ನು ರದ್ದುಮಾಡಿಸಲು ವರ್ಷಗಟ್ಟಲೆ ಹೋರಾಡಿದಳು. ಪ್ರವಾಸಿಗಳಿಗೆ ಜಲಪಾತದ ದಾರಿಯನ್ನು ತೋರಿಸುತ್ತಿದ್ದವರೂ ಅವಳೂ ಅವಳ ಸೋದರಿಯರೂ ಆಗಿದ್ದರು. ರಾಜಧಾನಿಗೆ ಅವಳು ಎಷ್ಟೋ ಸಲ ಕಾಲ್ನಡಿಗೆಯಲ್ಲಿ ಹೋಗಿಬಂದಳೆಂದೂ, ಅಗೆತಕ್ಕೆ ಗುದ್ದಲಿ ಬಿದ್ದರೆ ಜಲಪಾತಕ್ಕೆ ಹಾರಿಕೊಳ್ಳುವೆನೆಂದು ಹೇಳಿದಳೆಂದೂ ಜನರು ಹೇಳಿಕೊಳ್ಳುತ್ತಾರೆ. ಅವಳ ವಕೀಲನಾಗಿದ್ದ ಸ್ವೇನ್ ಬ್ಯೋರ್ನ್‌ಸನ್ನನೇ ೧೯೪೪ರಲ್ಲಿ ಸ್ವತಂತ್ರ ಐಸ್‌ಲೆಂಡಿನ ಮೊದಲನೆಯ ರಾಷ್ಟ್ರಾಧ್ಯಕ್ಷನಾದನು. ನ್ಯಾಯಾಲಯದಲ್ಲಿ ಅವಳು ಗೆಲ್ಲಲಿಲ್ಲ. ಆದರೆ ಕಾಲವು ವಿಳಂಬವಾಗಿ, ಗೇಣಿಯ ಹಣವು ಸಲ್ಲದೆ, ೧೯೨೯ರಲ್ಲಿ ಕರಾರು ಬಿದ್ದುಹೋಯಿತು. ೧೯೭೯ರಲ್ಲಿ ಗುಲ್‌ಫಾಸ್ ಸಂರಕ್ಷಿತ ಪ್ರದೇಶವಾಯಿತು. ಜಲಪಾತದ ಮೇಲ್ಗಡೆ ಅವಳ ಮುಖವನ್ನು ಕೊರೆದ ಕಲ್ಲೊಂದು ನಿಂತಿದೆ.

ದಾರಿಯು ಕೂಡಿದ ಮೇಲೆ ಬಂದ ಕಷ್ಟವು ಬೇರೆ ಬಗೆಯದು. ನಾಲ್ಕು ಲಕ್ಷವೂ ತುಂಬದ ಜನಸಂಖ್ಯೆಯ ಈ ದೇಶಕ್ಕೆ ೨೦೧೦ರಲ್ಲಿ ಸುಮಾರು ಐದು ಲಕ್ಷ ಪ್ರವಾಸಿಗಳು ಬಂದರು. ೨೦೧೮ರಲ್ಲಿ ಬಂದವರು ಇಪ್ಪತ್ಮೂರು ಲಕ್ಷಕ್ಕೂ ಹೆಚ್ಚು. ಲಾಕಿಯ ಕಲ್ಲಿನ ಮೇಲೆ ಎರಡು ಶತಮಾನಗಳಲ್ಲಿ ಬೆಳೆದ ಪಾಚಿಯು ಒಂದು ಹೆಜ್ಜೆಗೆ ಕಿತ್ತುಹೋಗುತ್ತದೆ. ದಾರಿ ಬಿಟ್ಟು ಗಾಡಿ ಓಡಿಸುವುದು ಅಲ್ಲಿ ಅಪರಾಧ. ದಾರಿಹೋಕನು ಎಲ್ಲಿಯಾದರೂ ಇಳಿದುಕೊಳ್ಳಬಹುದೆಂಬ ಹಳೆಯ ಹಕ್ಕಿಗೂ ಮಿತಿ ಬಂದಿತು: ೨೦೧೫ರ ನವೆಂಬರಿನಲ್ಲಿ ಜಾರಿಗೆ ಬಂದ ಶಾಸನದ ಮೇರೆಗೆ ಕ್ಯಾಂಪರ್ ಬಂಡಿಯವರು ಗೊತ್ತಾದ ಬಿಡಾರಗಳಲ್ಲಿಯೇ ರಾತ್ರಿಯನ್ನು ಕಳೆಯಬೇಕು, ಇಲ್ಲವೆ ನೆಲದ ಒಡೆಯನ ಅಪ್ಪಣೆಯನ್ನು ಪಡೆಯಬೇಕು. ಕುದುರೆಯೊಂದು ಮೇದ ಹುಲ್ಲು ಮುಂದಿನ ಬೇಸಗೆಗೆ ಚಿಗುರುತ್ತಿದ್ದಿತು. ಸಾವಿರಾರು ಚಕ್ರಗಳು ತುಳಿದ ಪಾಚಿ ಹಾಗೆ ಚಿಗುರದು. ಹಕ್ಕು ಕುಗ್ಗಿದುದಕ್ಕೆ ಸಂಕುಚಿತ ಬುದ್ಧಿಯು ಕಾರಣವಲ್ಲ, ಲೆಕ್ಕವು ಬದಲಾದುದೇ ಕಾರಣ.

ಸ್ಕಾಫ್ಟಾಫೆಲ್ ಬಳಿ ದಾರಿಯ ಪಕ್ಕದಲ್ಲಿ, ೧೯೯೬ರ ಪ್ರವಾಹದಲ್ಲಿ ಹುರಿಯಂತೆ ತಿರುಚಿಹೋದ ಎರಡು ಉಕ್ಕಿನ ತೊಲೆಗಳನ್ನು ಇಟ್ಟಿದ್ದಾರೆ. ಕ್ಯಾಂಪರ್‌ಗಳು ಅಲ್ಲಿ ನಿಲ್ಲುತ್ತವೆ. ಜನರು ಇಳಿದು ಅವುಗಳನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಗೆದ್ದವರು ವಿಜಯಸ್ತಂಭಗಳನ್ನು ನೆಡುವುದುಂಟು. ತಮ್ಮ ಸೋಲಿನ ಗುರುತನ್ನು ಹೆದ್ದಾರಿಯ ಪಕ್ಕದಲ್ಲಿ ನಿಲ್ಲಿಸಿದ ಜನರು ವಿರಳ. ಅಗ್ನಿಯೂ ಹಿಮವೂ ಈ ದಾರಿಯನ್ನು ತಮಗೆ ಎರವಲು ಕೊಟ್ಟಿವೆಯೇ ಹೊರತು ದಾನವಾಗಿ ಕೊಟ್ಟಿಲ್ಲವೆಂದು ಅವರು ಬಲ್ಲರು. ಎರವಲು ತಂದ ವಸ್ತುವನ್ನು ಒಡೆಯನ ಕಣ್ಣಿಗೆ ಅಂಜಿ ಬಳಸುವಂತೆ ಬಳಸುವುದರಿಂದಲೇ, ಎಷ್ಟು ಸಲ ಕೊಚ್ಚಿಹೋದರೂ ಆ ದಾರಿಯು ಮತ್ತೆ ಮತ್ತೆ ಕೂಡುತ್ತಿದೆ.